ಸತ್ಯಾಂಶ: ವೈರಿಂಗ್ ಪೈಪ್ ಬಗ್ಗಿಸೋಕೆ ಬೆಂಕಿ ಬೇಕಾ?

"ಪಿವಿಸಿ ವೈರಿಂಗ್ ಪೈಪನ್ನು ಲೈಟರ್‌ನಲ್ಲಿ ಕಾಯಿಸಿ ಬಗ್ಗಿಸಿ, ಸ್ಪ್ರಿಂಗ್ ಸುಮ್ನೆ ಖರ್ಚು" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ (ಸ್ಪ್ರಿಂಗ್ ಅಂದರೆ ಬಗ್ಗಿಸುವಾಗ ಪೈಪ್ ಚಪ್ಪಟೆಯಾಗದಂತೆ ಒಳಗೆ ತೂರಿಸುವ ಲೋಹದ ಸುರುಳಿ). ಇದು ಸರಿಯಲ್ಲ.

ಪಿವಿಸಿ ಸುಮಾರು 80 ಡಿಗ್ರಿ ಸೆಲ್ಸಿಯಸ್‌ಗೇ ಮೆತ್ತಗಾಗುತ್ತದೆ. ಲೈಟರ್ ಉರಿಯ ಬಿಸಿ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಒಂದು ಕಡೆ ಸುಟ್ಟು ಕಪ್ಪಾದರೆ ಇನ್ನೊಂದು ಕಡೆ ಗಟ್ಟಿಯಾಗೇ ಉಳಿಯುತ್ತದೆ. ಬಗ್ಗಿಸಿದಾಗ ಪೈಪ್ ಮಡಿಚಿಕೊಂಡು ಚಪ್ಪಟೆಯಾಗುತ್ತದೆ. ಆಮೇಲೆ ವೈರ್ ಎಳೆಯುವಾಗ ಅಲ್ಲೇ ಸಿಕ್ಕಿಕೊಂಡು ಇನ್ಸುಲೇಷನ್ ತರಚುತ್ತದೆ. ಸುಟ್ಟ ಪಿವಿಸಿಯ ಹೊಗೆಯಲ್ಲಿರುವ ಹೈಡ್ರೋಜನ್ ಕ್ಲೋರೈಡ್‌ನಿಂದ ಮೂಗು, ಗಂಟಲು ಉರಿಯೋದು ಬೇರೆ.

20, 25 ಮಿಲಿಮೀಟರ್ ಪೈಪಿಗೆ ಬೆಂಕಿಯೇ ಬೇಕಿಲ್ಲ. ಚಳಿ ಇದ್ದರೆ ಬಟ್ಟೆಯಿಂದ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ, ಸಾಕು. ಪೈಪಿನ ಅಳತೆಗೆ ತಕ್ಕ ಸ್ಪ್ರಿಂಗನ್ನು ಬಾಗುವ ಜಾಗದವರೆಗೆ ತೂರಿಸಿ. ಉದ್ದದ ಪೈಪಾದರೆ ಆಮೇಲೆ ಹೊರಗೆಳೆಯಲು ಸ್ಪ್ರಿಂಗಿಗೆ ದಾರ ಕಟ್ಟಿರಿ (ಮರೆತರೆ ಆಮೇಲೆ ಪರದಾಟ!). ಮೊಣಕಾಲಿಗೆ ಒತ್ತಿ ನಿಧಾನವಾಗಿ ಬಗ್ಗಿಸಿ. 90 ಡಿಗ್ರಿ ಬೇಕಿದ್ದರೆ ಸ್ವಲ್ಪ ಜಾಸ್ತಿಯೇ ಬಗ್ಗಿಸಿ. ಕೈ ಬಿಟ್ಟಾಗ ಪೈಪ್ ತುಸು ಹಿಂದಕ್ಕೆ ಬರುತ್ತದೆ, ಅಲ್ವಾ? ಸ್ಪ್ರಿಂಗ್ ಸಿಕ್ಕಿಕೊಂಡರೆ ಜೋರಾಗಿ ಜಗ್ಗಬೇಡಿ. ಅದರ ಸುರುಳಿ ಬಿಗಿಯಾಗುವ ಕಡೆಗೆ ತಿರುಗಿಸುತ್ತಾ ಎಳೆಯಿರಿ. ಆಗ ಅದು ತೆಳ್ಳಗಾಗಿ ಸಲೀಸಾಗಿ ಹೊರಬರುತ್ತದೆ.

ಇನ್ನೂ ದಪ್ಪ ಪೈಪಿಗೆ ಬಿಸಿ ಬೇಕಾಗುತ್ತದೆ, ನಿಜ. ಅದಕ್ಕೂ ಬಿಸಿ ಗಾಳಿ ಊದುವ ಹಾಟ್ ಏರ್ ಗನ್ನೇ ಸರಿ, ಅದೂ ಒಳಗೆ ಸ್ಪ್ರಿಂಗ್ ಇಟ್ಟುಕೊಂಡೇ.