ಡೆವಿಲ್‌ಗೆ ಸಿಕ್ಕ ಕಾಳಜಿ ಸ್ಕೇಟ್‌ಗೂ ಸಿಗಲಿ

ಆಸ್ಟ್ರೇಲಿಯದ ಟ್ಯಾಸ್ಮೇನಿಯಾ ದ್ವೀಪದಲ್ಲಿ ಅಳಿವಿನಂಚಿಗೆ ಬಂದಿರುವ ಟ್ಯಾಸ್ಮೇನಿಯನ್ ಡೆವಿಲ್ ಎಂಬ ಪ್ರಾಣಿ, ಮೌಜಿಯನ್ ಸ್ಕೇಟ್ ಎಂಬ ಮೀನು ಇವೆರಡರ ಬಗ್ಗೆ ನಿಮ್ಮ ಲೇಖನ ಓದಿದೆ. ಎರಡರ ಸಂಕಟವನ್ನೂ ಅದು ಒಂದೇ ತಕ್ಕಡಿಯಲ್ಲಿ ತೂಗಿದ್ದು ನನಗೆ ಒಪ್ಪಿಗೆಯಾಗಲಿಲ್ಲ. ಮರಿಯನ್ನು ಹೊಟ್ಟೆಚೀಲದಲ್ಲಿ ಹೊರುವ ಡೆವಿಲ್ ನರಳುತ್ತಿರುವುದು 1996ರಲ್ಲಿ ಮೊದಲು ಕಂಡ ಮುಖದ ಗಡ್ಡೆ ರೋಗದಿಂದ. ಒಂದನ್ನೊಂದು ಕಚ್ಚಿದಾಗ ಕ್ಯಾನ್ಸರ್ ಕೋಶವೇ ದಾಟಿಕೊಳ್ಳುತ್ತದೆ, ಪಾಪ. ಆದರೂ 2012ರಲ್ಲಿ ಆರೋಗ್ಯವಂತ ಡೆವಿಲ್‌ಗಳನ್ನು ರೋಗ ತಲುಪದ ಪಕ್ಕದ ಮರಿಯಾ ದ್ವೀಪಕ್ಕೆ ಬಿಟ್ಟರು, ಅಲ್ಲಿ ಸಂಸಾರ ಬೆಳೆಯಿತು. ನಮ್ಮ ಕರಾವಳಿಯ ತೊರಕೆಯನ್ನು ಹೋಲುವ ಸ್ಕೇಟ್‌ಗೆ ಹೆಚ್ಚುಕಡಿಮೆ ಟ್ಯಾಸ್ಮೇನಿಯಾದ ಮ್ಯಾಕ್ವಾರಿ ಹಾರ್ಬರ್ ಎಂಬ ಕೊಲ್ಲಿಯೊಂದೇ ಗತಿ. ಅಲ್ಲಿ ಸಾಲ್ಮನ್ ಮೀನು ಸಾಕುವ ಬಲೆಗೂಡುಗಳಿಂದ ಉದುರುವ ಮೇವು, ಹಿಕ್ಕೆ ಕೊಳೆಯುತ್ತಾ ನೀರಿನ ಆಮ್ಲಜನಕ ಹೀರುತ್ತವೆ. ತಳದಲ್ಲಿಟ್ಟ ಮೊಟ್ಟೆ ಒಡೆಯಲು ತಿಂಗಳುಗಟ್ಟಲೆ ಬೇಕು. ಅಷ್ಟು ದಿನ ಅದು ಉಸಿರುಗಟ್ಟುವ ನೀರಲ್ಲೇ ಬಿದ್ದಿರಬೇಕು. ರೋಗಕ್ಕೆ ಮದ್ದು ಹುಡುಕುವುದು ಕಷ್ಟ, ಒಪ್ಪುತ್ತೇನೆ. ಬಲೆಗೂಡುಗಳನ್ನಂತೂ ಎತ್ತಿಸಬಹುದಲ್ಲ!