ಸ್ಪಷ್ಟನೆ: ಅಂತರ್ಜಲ ಎತ್ತಿದ್ದರಿಂದ ಋತುಗಳು ಬದಲಾಗುವುದಿಲ್ಲ

‘ಅಂತರ್ಜಲ ಬರಿದು ಮಾಡಿದ್ದರಿಂದ ಭೂಮಿ 80 ಸೆಂಟಿಮೀಟರ್ ವಾಲಿದೆ, ಇನ್ನು ಋತುಗಳು ಏರುಪೇರಾಗಲಿವೆ’ ಎಂಬ ಸಂದೇಶವೊಂದು ಹರಿದಾಡುತ್ತಿದೆ. ಅದರ ಮೊದಲ ಮಾತಿಗೆ ಒಂದಿಷ್ಟು ಆಧಾರವಿದೆ, ಎರಡನೆಯದು ತಪ್ಪು.

2023ರಲ್ಲಿ ‘ಜಿಯೋಫಿಸಿಕಲ್ ರಿಸರ್ಚ್ ಲೆಟರ್ಸ್’ ನಿಯತಕಾಲಿಕದಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 1993ರಿಂದ 2010ರವರೆಗೆ ಮೇಲೆತ್ತಿ ಬಳಸಿದ, ಅಂದಾಜು 2,150 ಗಿಗಾಟನ್ (ಒಂದು ಗಿಗಾಟನ್ ಎಂದರೆ ನೂರು ಕೋಟಿ ಟನ್) ಅಂತರ್ಜಲವು ಕೊನೆಗೆ ಕಡಲು ಸೇರಿದ್ದರಿಂದ ಭೂಮಿಯ ಭ್ರಮಣ ಧ್ರುವ, ಅಂದರೆ ಅಕ್ಷವು ನೆಲವನ್ನು ಸಂಧಿಸುವ ಬಿಂದು, ಪೂರ್ವಕ್ಕೆ ಸುಮಾರು 80 ಸೆಂಟಿಮೀಟರ್ ಸರಿದಿದೆ. ಆದರೆ ಇದೇ ಬಿಂದು ಸಹಜವಾಗಿಯೇ ಒಂದು ವರ್ಷದೊಳಗೆ ಹಲವು ಮೀಟರ್ ಅಲೆದಾಡುತ್ತದೆ. ಋತುಗಳಿಗೆ ಕಾರಣ ಕಕ್ಷೆಗೆ ಸಂಬಂಧಿಸಿದಂತೆ ಅಕ್ಷಕ್ಕಿರುವ ಸುಮಾರು 23.4 ಡಿಗ್ರಿಯ ಓರೆ. ನೆಲದ ಮೇಲೆ ಧ್ರುವಬಿಂದು ಹೀಗೆ ಸರಿಯುವುದರಿಂದ ಆ ಓರೆ ಬದಲಾಗುವುದಿಲ್ಲ.

ಈ ಸಂದೇಶದ ಗದ್ದಲದಲ್ಲಿ ನಿಜವಾದ ಹಾನಿ ಮರೆಯಾಗುತ್ತಿದೆ ಎಂಬುದೇ ನನ್ನ ಕಳವಳ. ಅಂತರ್ಜಲವನ್ನು ಅತಿಯಾಗಿ ಎತ್ತಿ ಜೇಡಿಪದರಗಳಲ್ಲಿನ ನೀರಿನ ಒತ್ತಡ ಕುಸಿದಾಗ ಮೇಲಿನ ಮಣ್ಣಿನ ಭಾರಕ್ಕೆ ಅವು ಅದುಮಿಕೊಂಡು ನೆಲವೇ ತಗ್ಗುತ್ತದೆ; ಹಾಗೆ ಬಿಗಿದ ಜೇಡಿ ಮುಂದೆ ಎಷ್ಟೇ ಮಳೆ ಸುರಿದರೂ ಮೊದಲಿನಷ್ಟು ನೀರು ಹಿಡಿಯುವುದಿಲ್ಲ. ಕ್ಯಾಲಿಫೋರ್ನಿಯಾದ ಸ್ಯಾನ್ ವಾಕಿನ್ ಕಣಿವೆಯ ಪ್ರಸಿದ್ಧ ಛಾಯಾಚಿತ್ರವೊಂದರಲ್ಲಿ ಕಂಬದ ಬುಡದಲ್ಲಿ 1977 ಎಂಬ ಫಲಕವಿದೆ, ಅದರ ಪಕ್ಕ ನಿಂತ ಮನುಷ್ಯನ ತಲೆಯಿಂದ ಬಹಳ ಎತ್ತರದಲ್ಲಿ 1925 ಎಂಬ ಫಲಕವಿದೆ. ಆಯಾ ವರ್ಷ ನೆಲ ಎಲ್ಲಿತ್ತು ಎಂಬುದನ್ನು ಆ ಫಲಕಗಳು ತೋರಿಸುತ್ತವೆ; ನಡುವಿನ ಅವಧಿಯಲ್ಲಿ ನೆಲ ಅಷ್ಟು, ಸುಮಾರು 9 ಮೀಟರ್, ಇಳಿದಿತ್ತು. ಬರ ಬಂದಾಗ ನದಿ-ಕಾಲುವೆಗಳ ನೀರು ತಗ್ಗಿ ಪಂಪುಗಳ ಮೇಲಿನ ಅವಲಂಬನೆ ಹೆಚ್ಚುವುದರಿಂದ ಈ ಕುಸಿತ ಇನ್ನಷ್ಟು ಚುರುಕಾಗುತ್ತದೆ.

ಆದ್ದರಿಂದ ಋತುಗಳ ಕುರಿತ ಆ ಸಂದೇಶವನ್ನು ದಯವಿಟ್ಟು ಯಾರಿಗೂ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅದೇ ಗುಂಪಿನಲ್ಲಿ ಈ ಸ್ಪಷ್ಟನೆಯನ್ನೂ ಹಂಚಿಕೊಳ್ಳಿ.