ಗಾಳಿ ಇಳಿಸುವ ಜಾಗ

ಹೋದ ತಿಂಗಳು ತುಮಕೂರಿನ ನಮ್ಮ ಮನೆ ಹಾಲ್‌ನಲ್ಲಿ ಆರು ಮಕ್ಕಳು ಕೂತು ಒಂದು ನಾಟಕದ ಹಾಡು ಒಪ್ಪಿಸಿದರು. ಇಬ್ಬರದು ಕೀಬೋರ್ಡು, ಒಬ್ಬಳದು ವಯಲಿನ್ನು, ಉಳಿದ ಮೂವರು ಹಾಡುವವರು. ಎಲ್ಲರ ಮುಂದೆಯೂ ನಾನು ಕಂಪ್ಯೂಟರ್‌ನಲ್ಲಿ ಸ್ಟಾಫ್ ನೊಟೇಶನ್, ಅಂದರೆ ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿ, ಬರೆದು ಪ್ರಿಂಟ್ ತೆಗೆದ ಹಾಳೆ. ಒಂದು ಸ್ವರ ತಪ್ಪಲಿಲ್ಲ, ತಾಳ ಆಚೀಚೆ ಆಗಲಿಲ್ಲ. ಕಿಟಕಿ ಪಕ್ಕದ ಕುರ್ಚಿಯಲ್ಲಿ ನಮ್ಮ ಹಾರ್ಮೋನಿಯಂ ಮೇಷ್ಟ್ರು ಕೂತಿದ್ದರು. ಗುಬ್ಬಿ ಕಡೆಯ ಹಳ್ಳಿಯವರು. ಜೀವಮಾನವಿಡೀ ಊರೂರಿಗೆ ಹೋಗಿ ಕುರುಕ್ಷೇತ್ರ ನಾಟಕ ಕಲಿಸಿದವರು. ನಮ್ಮಪ್ಪನಿಗೆ ಕರ್ಣನ ಪಾರ್ಟು ಹೇಳಿಕೊಟ್ಟವರೂ ಅವರೇ. ಹಾಡು ಮುಗಿದು ಮಕ್ಕಳೆಲ್ಲ ಅವರ ಮುಖ ನೋಡಿದರು. ಅವರು ನನ್ನ ಕಡೆ ತಿರುಗಿ ಹೇಳಿದರು: "ಕುಂತಿ ಮಗನತ್ರ ಬೇಡ್ಕಂತಾವ್ಳೆ ಕಣಮ್ಮ. ಇವ್ರು ಸಂತೇಲಿ ಕೂಗ್ದಂಗೆ ಕೂಗ್ತಾವ್ರಲ್ಲ."

ತಪ್ಪು ಮಕ್ಕಳದಲ್ಲ. ನನ್ನ ಹಾಳೆಯಲ್ಲಿ ಇದ್ದದ್ದನ್ನೆಲ್ಲ ಅವರು ನುಡಿಸಿದ್ದರು. ಕುಂತಿ ಬೇಡುತ್ತಿದ್ದಾಳೆ ಅನ್ನುವುದು ಹಾಳೆಯಲ್ಲಿ ಎಲ್ಲೂ ಇರಲಿಲ್ಲ. ಯಾವ ಸ್ವರ, ಎಷ್ಟು ಹೊತ್ತು, ಯಾವ ಅಕ್ಷರ ಅನ್ನುವುದಷ್ಟೇ ಬರೆದಿದ್ದೆ. ಎಲ್ಲಿ ದನಿ ತಗ್ಗಬೇಕು, ಎಲ್ಲಿ ತುಂಬಿಕೊಳ್ಳಬೇಕು, ಯಾವ ಸ್ವರದ ಮೇಲೆ ಒರಗಿ ನಿಲ್ಲಬೇಕು, ಒಂದೂ ಇಲ್ಲ. ಮೂರು ವರ್ಷದಿಂದ ಮೇಷ್ಟ್ರ ಮಟ್ಟುಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬರೆದಿಡುತ್ತಾ ಬಂದಿದ್ದೇನೆ. ಹದಿನಾರು ಹಾಡು ಆಗಿವೆ. ಹದಿನಾರಕ್ಕೂ ಇದೇ ಕೊರತೆ ಎಂದು ಅವತ್ತು ಗೊತ್ತಾಯಿತು. ರಾತ್ರಿ ನಿದ್ದೆ ಬರಲಿಲ್ಲ.

ಈ ಕೊರತೆ ಎಲ್ಲಿಂದ ಬಂತು ಎಂದು ಯೋಚಿಸಿದೆ. ನಾವೆಲ್ಲ ಸಂಗೀತ ಕಲಿತ ಸ್ವರಲಿಪಿ ಪುಸ್ತಕಗಳಲ್ಲಿ ಸ್ಥಾಯಿಗೆ ಚುಕ್ಕಿ ಇದೆ, ಕಾಲಕ್ಕೆ ಮೇಲ್ಗೆರೆ ಇದೆ, ಎಳೆಯುವುದಕ್ಕೆ ಕಾಮಾ ಇದೆ. ದನಿಯ ಏರಿಳಿತಕ್ಕೆ ಏನೂ ಇಲ್ಲ. ಅದು ಗುರುವಿನ ಬಾಯಿಂದ ಬರಬೇಕಾದದ್ದು. ಗುರು ಎದುರಿಗೆ ಇರುವ ತನಕ ಆ ಪದ್ಧತಿಯಲ್ಲಿ ಏನೂ ಕೊರತೆಯಿಲ್ಲ. ಆದರೆ ನಾನು ಬರೆಯುತ್ತಿರುವುದೇ ಮೇಷ್ಟ್ರು ಎದುರಿಗಿಲ್ಲದ ಕಾಲಕ್ಕೆ. ಅಂಥ ಹಾಳೆಯಲ್ಲಿ ಅದನ್ನು ಬಿಟ್ಟರೆ ನಾನು ಉಳಿಸುತ್ತಿರುವುದು ಏನನ್ನು?

ಹಾಗಂತ ಗುರುತು ಹಾಕುವುದು ನನಗೆ ಗೊತ್ತೇ ಇರಲಿಲ್ಲ ಎಂದಲ್ಲ. ನಾನು ಬಳಸುವುದು ಮ್ಯೂಸ್‌ಸ್ಕೋರ್ ಅನ್ನುವ ಸ್ವರಲಿಪಿ ಬರೆಯುವ ತಂತ್ರಾಂಶ. ದುಡ್ಡು ಕೊಡಬೇಕಿಲ್ಲ, ಮಕ್ಕಳೂ ಮನೆಯಲ್ಲಿ ಹಾಕಿಕೊಳ್ಳಬಹುದು. ಅದರ ಪ್ಯಾಲೆಟ್‌ನಲ್ಲಿ ಮೆಲ್ಲಗೆ ಎನ್ನುವ ಪಿ, ಜೋರು ಎನ್ನುವ ಎಫ್, ನಡುವಿನ ಎಂಪಿ, ಎಂಎಫ್ ಎಲ್ಲ ಸಾಲಾಗಿ ಕೂತಿವೆ. ಸ್ವರ ಆರಿಸಿ ಒತ್ತಿದರೆ ಕೂತುಕೊಳ್ಳುತ್ತವೆ. ನಾಲ್ಕು ಸ್ವರ ಒಟ್ಟಿಗೆ ಆರಿಸಿ ಕೀಲಿಮಣೆಯ ಒಂದು ಗುಂಡಿ ಒತ್ತಿದರೆ ಹಕ್ಕಿ ಕೊಕ್ಕು ತೆರೆದ ಹಾಗೆ ದನಿ ಏರುವ ಗೆರೆ ಬರುತ್ತದೆ, ಪಕ್ಕದ ಗುಂಡಿಗೆ ಇಳಿಯುವ ಗೆರೆ. ಹೇರ್‌ಪಿನ್ ಎನ್ನುತ್ತಾರೆ ಅದನ್ನು. ಕೈಗೆ ಇದೆಲ್ಲ ಒಂದು ವಾರದಲ್ಲಿ ಬರುತ್ತದೆ.

ನಾನು ಗುರುತು ಬಿಡಲು ಕಾರಣ ಬೇರೆ. ಮೊದಲ ಹಾಡಿಗೆ ಹಾಕಿದ್ದೆ, ಹಾಕಿ ಕೆಡಿಸಿದ್ದೆ. ಆಗ ಹಾಕುತ್ತಿದ್ದದ್ದು ಓದುವವರಿಗಾಗಿ ಅಲ್ಲ, ಕಂಪ್ಯೂಟರ್ ಸ್ಪೀಕರ್‌ಗಾಗಿ. ಪ್ಲೇ ಒತ್ತುವುದು, ಕೇಳುವುದು, ಜೋರಾಯಿತು ಎಂದು ಒಂದು ಪಿ ಸೇರಿಸುವುದು. ಸಾಲದೆಂದು ಇನ್ನೊಂದು. ಒಳಗೆ ನಡೆಯುವುದು ಇಷ್ಟೇ: ಪ್ರತಿ ಗುರುತಿಗೂ ಒಂದು ಅಂಕಿ ಇದೆ. ನಾನು ಆಗ ಬಳಸುತ್ತಿದ್ದ ಮೂರನೇ ಆವೃತ್ತಿಯಲ್ಲಿ ಪಿ ಅಂದರೆ 49, ಎಂಪಿ 64, ಎಂಎಫ್ 80, ಎಫ್ 96. ವಾದ್ಯ, ಕಂಪ್ಯೂಟರ್‌ಗಳು ಒಂದಕ್ಕೊಂದು ಸ್ವರ ತಿಳಿಸುವ, 1983ರಲ್ಲಿ ಬಂದ ಮಿಡಿ ಪದ್ಧತಿಯಲ್ಲಿ ಈ ಅಂಕಿ 127ರ ತನಕ ಹೋಗುತ್ತದೆ, ಕೀಲಿಯನ್ನು ಎಷ್ಟು ರಭಸದಿಂದ ಒತ್ತಿದರು ಅನ್ನುವ ಲೆಕ್ಕ ಅದು. ಆ ಅಂಕಿಗಳನ್ನು ತೃಪ್ತಿಪಡಿಸಲು ಹೋಗಿ ನನ್ನ ಹಾಳೆಯಲ್ಲಿ ನಾಲ್ಕು ಪಿ ಇರುವ ಗುರುತು ಎರಡು ಕಡೆ ಬಂದಿತ್ತು. ಅದನ್ನು ಓದಿದ ಹುಡುಗಿ ಆ ಸಾಲಿಗೆ ಬರುತ್ತಲೇ ಬಾಯಿ ಮುಚ್ಚಿಕೊಂಡಳು. ಇಷ್ಟು ಮೆಲ್ಲಗೆ ಹಾಡುವುದು ಹೇಗೆ ಮಿಸ್ ಎಂದು ಕೇಳಿದಳು. ಚೈಕೋವ್‌ಸ್ಕಿ 1893ರ ತಮ್ಮ ಆರನೇ ಸಿಂಫನಿಯಲ್ಲಿ ಬಸೂನ್ ವಾದ್ಯಕ್ಕೆ ಆರು ಪಿ ಬರೆದಿದ್ದಾರೆ ನಿಜ. ಅವರು ಅದನ್ನು ಬರೆದದ್ದು ಉಸಿರು ಹಿಡಿದು ನುಡಿಸುವ ಒಬ್ಬ ಮನುಷ್ಯನಿಗೆ. ನಾನು ಬರೆದದ್ದು ಸ್ಪೀಕರ್‌ಗೆ. ಅವತ್ತು ಬೇಸರದಲ್ಲಿ ಎಲ್ಲ ಗುರುತನ್ನೂ ಅಳಿಸಿ, ಮುಂದಿನ ಹದಿನೈದು ಹಾಡನ್ನೂ ಬರೀ ಸ್ವರದಲ್ಲಿ ಬರೆದೆ. ಅದು ಮೊದಲಿನದಕ್ಕಿಂತ ದೊಡ್ಡ ತಪ್ಪು.

ಕುಂತಿಯ ಹಾಡು ಒಪ್ಪಿಸಿದ ಮೇಲೆ ಲ್ಯಾಪ್‌ಟಾಪ್ ತೆಗೆದುಕೊಂಡು ಮೇಷ್ಟ್ರ ಮನೆಗೇ ಹೋದೆ. ಒಂಬತ್ತು ಸಂಜೆ ಹೋಗಿದ್ದೇನೆ. ಅವರು ನುಡಿಸುತ್ತಾರೆ, ನಾನು ಪ್ರತಿ ಸಾಲಿಗೂ ನಿಲ್ಲಿಸಿ ಕೇಳುತ್ತೇನೆ. ಅವರಿಗೆ ಪಿ, ಎಫ್ ಏನೂ ಬೇಕಿಲ್ಲ. "ಇಲ್ಲಿ ಗಾಳಿ ಇಳ್ಸು." "ಇಲ್ಲಿ ತುಂಬ್ಕಂಡು ಬಾ." "ಈ ಸ್ವರದ ಮೇಲೆ ಕುತ್ಕೊ, ತಬಲದವ್ನು ಕಾಯ್ಲಿ." ಇವು ಅವರ ಮಾತುಗಳು. ಎಡಗೈ ಗಾಳಿ ತುಂಬುವ ತಿದಿಯ ಮೇಲೆ ಹೇಗೆ ಆಡುತ್ತದೆ ಅನ್ನುವುದನ್ನು ನಾನು ಮೊದಲ ಸಲ ಸರಿಯಾಗಿ ನೋಡಿದ್ದು ಆಗಲೇ. ಚಿಕ್ಕಂದಿನಿಂದ ಬಲಗೈಯನ್ನೇ ನೋಡಿಕೊಂಡು ಬಂದಿದ್ದೆ. ಹಾರ್ಮೋನಿಯಂನಲ್ಲಿ ಕೀಲಿಯನ್ನು ಮೆಲ್ಲಗೆ ಒತ್ತಿದರೂ ಗುದ್ದಿದರೂ ದನಿ ಒಂದೇ. ದನಿಯ ಗಾತ್ರ ಪೂರ್ತಿ ಎಡಗೈಯದು. ಪಾತ್ರಧಾರಿ ಹಾಡು ಎತ್ತುವ ಹೊತ್ತಿಗೆ ಮೇಷ್ಟ್ರ ಎಡಗೈ ಹೆಚ್ಚುಕಮ್ಮಿ ನಿಂತೇ ಹೋಗುತ್ತದೆ, ಸ್ವರ ಮಾತ್ರ ನೂಲಿನ ಹಾಗೆ ಉಳಿದಿರುತ್ತದೆ. ಸಾಲು ಮುಗಿಯುವಾಗ ಗಾಳಿ ತುಂಬುತ್ತದೆ, ಮುಂದಿನ ಸಾಲಿಗೆ ಅವನನ್ನು ಎತ್ತಿಕೊಡುತ್ತದೆ. ಕೀಲಿ ಒತ್ತುವ ರಭಸದ ಲೆಕ್ಕ ಇಟ್ಟ ಅಂಕಿಗೂ ಈ ಎಡಗೈಗೂ ಸಂಬಂಧವೇ ಇಲ್ಲ. ಹಾಗಾಗಿ ಹಾರ್ಮೋನಿಯಂ ಸಾಲಿಗೆ ನಾನು ಈಗ ಸ್ವರ ಸ್ವರಕ್ಕೂ ಒತ್ತಿನ ಗುರುತು ಹಾಕುವುದಿಲ್ಲ. ಉದ್ದುದ್ದ ಹೇರ್‌ಪಿನ್ ಹಾಕುತ್ತೇನೆ, ಒಂದೊಂದು ಎರಡೆರಡು ಆವರ್ತದಷ್ಟು.

ಹೇರ್‌ಪಿನ್‌ಗೆ ಒಂದು ಊರು ಇರಬೇಕು, ಇದನ್ನು ಬರೆಯುವವರು ದಯವಿಟ್ಟು ಗಮನಿಸಿ. ಏರುವ ಗೆರೆ ಹಾಕಿ ಕೊನೆಗೆ ಏನೂ ಬರೆಯದಿದ್ದರೆ ಎಲ್ಲಿಯ ತನಕ ಏರಬೇಕು? ಎಂಎಫ್‌ಗೋ, ಎಫ್‌ಗೋ? ಓದುವವರು ತಮಗೆ ತೋಚಿದಷ್ಟು ಏರುತ್ತಾರೆ, ಆರು ಜನ ಆರು ಎತ್ತರಕ್ಕೆ. ಇನ್ನೊಂದು, ಪಿ ಅನ್ನುವುದನ್ನು ಸಾಮಾನ್ಯ ಪಠ್ಯವಾಗಿ ಟೈಪ್ ಮಾಡಿದರೆ ಕಣ್ಣಿಗೆ ಕಾಣುತ್ತದೆ, ತಂತ್ರಾಂಶಕ್ಕೆ ಅದು ಬರೀ ಅಕ್ಷರ. ಪ್ಯಾಲೆಟ್‌ನಿಂದಲೇ ತರಬೇಕು. ಹಾಡುವವರ ಸಾಲಿಗೆ ಗುರುತು ಐದು ಗೆರೆಯ ಮೇಲೆ ಇರಲಿ, ಕೆಳಗಡೆ ಸಾಹಿತ್ಯ ಇರುತ್ತದಲ್ಲ. ವಾದ್ಯಕ್ಕೆ ಕೆಳಗೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಪಲ್ಲವಿ. ಪಲ್ಲವಿ ಮುಗಿದು ಚರಣ, ಚರಣ ಮುಗಿದು ಮತ್ತೆ ಪಲ್ಲವಿ. ಒಂದೇ ಸಲ ಬರೆದು ಪುನರಾವರ್ತನೆಯ ಚುಕ್ಕಿ ಹಾಕುವುದು ಎಲ್ಲರ ಅಭ್ಯಾಸ, ನನ್ನದೂ ಅದೇ. ಆದರೆ ಕುಂತಿ ಮೊದಲ ಸಲ ಪಲ್ಲವಿ ಹಾಡುವಾಗ ಅವಳಿಗೆ ಇನ್ನೂ ಧೈರ್ಯವಿಲ್ಲ. ಎದುರಿಗೆ ನಿಂತವನು ಮಗ ಎಂದು ಅವಳಿಗೆ ಗೊತ್ತು, ಹೇಳಲು ಬಾಯಿ ಬರುತ್ತಿಲ್ಲ. ಎರಡನೇ ಸಲ ಬರುವ ಹೊತ್ತಿಗೆ ಹೇಳಿಬಿಟ್ಟಿದ್ದಾಳೆ. ಮೂರನೇ ಸಲ ಅವನು ಇಲ್ಲ ಅಂದಾಗಿದೆ. ಅದೇ ಮಾತು, ಅದೇ ಸ್ವರ, ಮೂರು ಬೇರೆ ಹೆಂಗಸರು ಹಾಡಿದ ಹಾಗೆ ಇರಬೇಕು. ಮೇಷ್ಟ್ರು ಮೂರೂ ಸಲ ಬೇರೆ ಬೇರೆಯಾಗಿಯೇ ನುಡಿಸುತ್ತಾರೆ. ಮೂರನೇ ಸಲ ಅವರು ಜೋರು ಮಾಡುತ್ತಾರೆ ಎಂದುಕೊಂಡಿದ್ದೆ. ಇಲ್ಲ, ಅಲ್ಲೇ ಅತ್ಯಂತ ತಗ್ಗು. ಎರಡನೆಯದೇ ತುಂಬಿದ ದನಿ. ಚುಕ್ಕಿ ಹಾಕಿ ಹಿಂದಕ್ಕೆ ಕಳಿಸಿದರೆ ಇದೆಲ್ಲ ಹೋಯಿತು. ಅಷ್ಟೇ ಅಲ್ಲ, ಚರಣದ ಕೊನೆ ಎಫ್‌ನಲ್ಲಿ ಮುಗಿದು ಪಲ್ಲವಿಯ ತಲೆಯ ಮೇಲೆ ಏನೂ ಇಲ್ಲದಿದ್ದರೆ ಮಕ್ಕಳು ಅದೇ ಎಫ್‌ನಲ್ಲೇ ಪಲ್ಲವಿಗೆ ನುಗ್ಗುತ್ತಾರೆ. ಅವತ್ತು ಸಂತೆಯ ಹಾಗೆ ಕೇಳಿಸಿದ್ದಕ್ಕೆ ಇದೂ ಒಂದು ಕಾರಣ. ಈಗ ನಾನು ಪಲ್ಲವಿಯನ್ನು ಬಂದಷ್ಟು ಸಲವೂ ಪೂರ್ತಿ ಬರೆಯುತ್ತೇನೆ. ಎರಡು ಹಾಳೆ ನಾಲ್ಕಾಗುತ್ತವೆ, ಆಗಲಿ.

ಇನ್ನು ಮಾತಿನ ವಿಷಯ. ಪಿ ಅಂದರೆ ಪಿಯಾನೋ, ಎಫ್ ಅಂದರೆ ಫೋರ್ಟೆ. ಇವು ಇಟಾಲಿಯನ್ ಪದಗಳಾಗಿರುವುದು ಅವನ್ನು ಮೊದಲು ಬರೆದವರ ಮನೆಮಾತು ಅದಾಗಿದ್ದರಿಂದ. ವೆನಿಸ್‌ನ ಜೊವಾನಿ ಗಾಬ್ರಿಯೆಲಿ 1597ರಲ್ಲಿ ಅಚ್ಚಾದ ಒಂದು ರಚನೆಯ ಹೆಸರಿನಲ್ಲೇ ಮೆಲ್ಲಗೆ, ಜೋರು ಅನ್ನುವ ಎರಡೂ ಪದ ಇಟ್ಟಿದ್ದರು. ಆಮೇಲೆ ಬಂದವರು ಸುಮ್ಮನೆ ಇಟಾಲಿಯನ್ನಿಗೆ ಅಂಟಿಕೊಂಡು ಕೂರಲಿಲ್ಲ. ಶೂಮನ್, ಮಾಹ್ಲರ್ ಜರ್ಮನ್‌ನಲ್ಲಿ ಬರೆದರು, ಡೆಬ್ಯುಸಿ ಫ್ರೆಂಚ್‌ನಲ್ಲಿ. ಪರ್ಸಿ ಗ್ರೇಂಜರ್ ಸರಳ ಇಂಗ್ಲಿಷಿನಲ್ಲಿ ಬರೆದರು. ಹಾಗಿದ್ದ ಮೇಲೆ ಕುಂತಿಯ ಹಾಡಿನ ಮೇಲೆ ಭಾವ ತುಂಬಿ ಹಾಡಿ ಅನ್ನುವುದಕ್ಕೆ ನಾನೇಕೆ "ಎಸ್ಪ್ರೆಸ್ಸಿವೋ" ಎಂದು ಬರೆಯಬೇಕು? ಮಕ್ಕಳಿಗೂ ಅರ್ಥವಾಗದು, ಮೇಷ್ಟ್ರಿಗೂ ಅರ್ಥವಾಗದು. ನಾನೀಗ ಬರೆಯುತ್ತಿರುವುದು "ಗಾಳಿ ಇಳಿಸಿ", "ತುಂಬಿಕೊಂಡು", "ಕೂತು", "ಬೇಡುವ ಹಾಗೆ". ತಂತ್ರಾಂಶ ಇದಕ್ಕೆ ಅಡ್ಡಿ ಮಾಡುವುದಿಲ್ಲ. ಪಠ್ಯದ ಶೈಲಿಯಲ್ಲಿ ನೋಟೋ ಸಾನ್ಸ್ ಕನ್ನಡದಂಥ ಯೂನಿಕೋಡ್ ಅಕ್ಷರ ಆರಿಸಿಕೊಂಡರೆ ಸಾಕು. ಪಿ, ಎಫ್ ಇರಲಿ, ಅವು ಕಣ್ಣಿಗೆ ಬೇಗ ಸಿಗುವ ಗುರುತು. ಭಾವ ಹೇಳುವ ಮಾತು ಮಾತ್ರ ಕನ್ನಡದ್ದೇ ಇರಲಿ. ಹೋದ ವಾರ ವಯಲಿನ್ ಹುಡುಗಿ "ಬೇಡುವ ಹಾಗೆ" ಅನ್ನುವುದನ್ನು ಓದಿ ಬಿಲ್ಲನ್ನು ತಾನಾಗಿಯೇ ಹಗುರ ಮಾಡಿದಳು. ನಾನು ಬಾಯಿ ತೆರೆಯಬೇಕಾಗಲಿಲ್ಲ.

ಸಂಗೀತ ಕಲಿಸುವ ನನ್ನ ಗೆಳತಿಯೊಬ್ಬಳು ಇದನ್ನು ಒಪ್ಪುವುದಿಲ್ಲ. ನಮ್ಮ ಸಂಗೀತ ಆ ಕ್ಷಣದಲ್ಲಿ ಹುಟ್ಟುವುದು, ಮೇಷ್ಟ್ರು ಇವತ್ತು ನುಡಿಸಿದ ಹಾಗೆ ನಾಳೆ ನುಡಿಸುವುದಿಲ್ಲ, ನೀನು ಒಂದನ್ನು ಹಿಡಿದು ಮೊಳೆ ಹೊಡೆಯುತ್ತಿದ್ದೀಯ ಅನ್ನುತ್ತಾಳೆ. ಅವಳ ಮಾತಿನಲ್ಲಿ ಸತ್ಯವಿದೆ, ಅದಕ್ಕೇ ಎಲ್ಲ ಸ್ವರಕ್ಕೂ ಗುರುತು ಹಾಕಲು ನಾನು ಹೋಗುವುದಿಲ್ಲ. ಮೇಷ್ಟ್ರು ಇಡೀ ಹಾಡನ್ನು ಮೂರು ಸಲ ನುಡಿಸಿದಾಗ ಮೂರೂ ಸಲ ಒಂದೇ ಥರ ಬಂದದ್ದನ್ನು ಮಾತ್ರ ಬರೆಯುತ್ತೇನೆ, ಬದಲಾಗುವುದನ್ನು ಖಾಲಿ ಬಿಡುತ್ತೇನೆ. ಆದರೆ ಬರೆದಿಟ್ಟರೆ ಸಂಗೀತ ಸಾಯುತ್ತದೆ ಅನ್ನುವುದನ್ನು ನಾನು ಒಪ್ಪಲಾರೆ. ಎಟ್ಟಯಪುರದ ಸುಬ್ಬರಾಮ ದೀಕ್ಷಿತರು 1904ರಲ್ಲಿ ಅಚ್ಚು ಹಾಕಿಸಿದ ಸಂಗೀತ ಸಂಪ್ರದಾಯ ಪ್ರದರ್ಶಿನಿಯಲ್ಲಿ ಒಂದೊಂದು ಗಮಕಕ್ಕೂ, ಅಂದರೆ ಸ್ವರವನ್ನು ಅಲುಗಿಸುವ, ಜಾರಿಸುವ ಒಂದೊಂದು ರೀತಿಗೂ, ಒಂದೊಂದು ಗುರುತು ಇದೆ. ಸ್ವರ ನಡುಗಿಸುವ ಕಂಪಿತಕ್ಕೆ ಅಲೆಯಂಥ ಗೆರೆ, ಉಳಿದವಕ್ಕೆ ಚುಕ್ಕಿ, ಓರೆಗೆರೆಯಂಥ ಬೇರೆ ಬೇರೆ ಗುರುತು. ಸೀಸದ ಅಚ್ಚುಮೊಳೆಯ ಕಾಲದಲ್ಲಿ, ತೆಲುಗು ಲಿಪಿಯ ನೆತ್ತಿಯ ಮೇಲೆ ಅಷ್ಟು ಸಣ್ಣ ಗುರುತುಗಳನ್ನು ಕೂರಿಸಲು ಎಷ್ಟು ಪಾಡು ಪಟ್ಟಿರಬೇಕು! ಆ ಪುಸ್ತಕದಿಂದ ಮುತ್ತುಸ್ವಾಮಿ ದೀಕ್ಷಿತರ ಕೃತಿಗಳು ಮೊಳೆ ಹೊಡೆಸಿಕೊಳ್ಳಲಿಲ್ಲ. ವಿದ್ವಾಂಸರು ಇವತ್ತಿಗೂ ಅನುಮಾನ ಬಂದಾಗ ಅದನ್ನೇ ತೆರೆಯುತ್ತಾರೆ.

ಕಂಪನಿ ನಾಟಕದ ಸಂಗೀತಕ್ಕೆ ಅಂಥ ಅದೃಷ್ಟ ಬರಲಿಲ್ಲ. 1884ರಲ್ಲಿ ಗುಬ್ಬಿಯಲ್ಲಿ ಶುರುವಾದ ಚನ್ನಬಸವೇಶ್ವರ ನಾಟಕ ಕಂಪನಿ, ಅದನ್ನು ನಾಡಿಗೆಲ್ಲ ಕೊಂಡೊಯ್ದ ಗುಬ್ಬಿ ವೀರಣ್ಣನವರು, ಇವರ ಬಗ್ಗೆ ನಾವು ಹೆಮ್ಮೆಯಿಂದ ಮಾತಾಡುತ್ತೇವೆ. ತುಮಕೂರಿನ ಕಲಾಕ್ಷೇತ್ರಕ್ಕೆ ಅವರ ಹೆಸರಿದೆ. ಮೈಕು ಇಲ್ಲದ ಕಾಲದಲ್ಲಿ ಕಡೇ ಸಾಲಿನವರಿಗೆ ಕೇಳುವ ಹಾಗೆ ಹಾಡಿದ ತಲೆಮಾರು ಅದು. ಕಡೇ ಸಾಲಿಗೆ ಮುಟ್ಟಿಸುವುದೆಂದರೆ ಬರೀ ಕೂಗುವುದಲ್ಲ ಎಂದು ಮೇಷ್ಟ್ರು ಹೇಳುತ್ತಾರೆ. ತಗ್ಗಿಸಿದಾಗ ಜನ ಸುಮ್ಮನಾಗಿ ಮುಂದಕ್ಕೆ ಬಾಗುತ್ತಿದ್ದರಂತೆ. ಈಗ ನಮ್ಮ ಕಡೆ ಹಬ್ಬ, ಜಾತ್ರೆಯ ನಾಟಕಗಳಲ್ಲಿ ರಂಗದ ಎರಡೂ ಕಡೆ ಆಳೆತ್ತರದ ಸ್ಪೀಕರ್ ನಿಲ್ಲಿಸುತ್ತಾರೆ. ಹಾರ್ಮೋನಿಯಂ ಇದ್ದ ಕಡೆ ಕೀಬೋರ್ಡು ಬಂದಿದೆ. ಶಕುನಿಯೂ ಕುಂತಿಯೂ ಒಂದೇ ಗಾತ್ರದಲ್ಲಿ ಕೇಳಿಸುತ್ತಾರೆ. ಕಲಿಯುವ ಹುಡುಗರು ಯೂಟ್ಯೂಬ್‌ನಲ್ಲಿ ಸಿಕ್ಕ ಅಂಥ ರೆಕಾರ್ಡಿಂಗ್ ಕೇಳಿ ಕಲಿಯುತ್ತಾರೆ. ಅದರಲ್ಲಿ ಏರಿಳಿತವೇ ಇಲ್ಲದ ಮೇಲೆ ಅವರು ಎಲ್ಲಿಂದ ತರಬೇಕು? ನನಗೆ ಇದರ ಬಗ್ಗೆ ನಿಜಕ್ಕೂ ಭಯವಿದೆ. ಮೇಷ್ಟ್ರಿಗೆ ವಯಸ್ಸಾಗಿದೆ. ಒಂಬತ್ತು ಸಂಜೆಗೆ ಎರಡೂವರೆ ಹಾಡು ಮುಗಿದಿದೆ, ಇನ್ನೂ ಹದಿಮೂರೂವರೆ ಬಾಕಿ.

ಆದ್ದರಿಂದ ಒಂದು ವಿನಂತಿ. ಗುಬ್ಬಿ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಕೊರಟಗೆರೆ, ಶಿರಾ ಕಡೆ ನಿಮ್ಮೂರಲ್ಲಿ ನಾಟಕ ಕಲಿಸಿದ ಹಾರ್ಮೋನಿಯಂ ಮೇಷ್ಟ್ರು ಯಾರಾದರೂ ಇದ್ದರೆ ಅವರ ಹಾಡುಗಳನ್ನು ರೆಕಾರ್ಡ್ ಮಾಡಿ. ಹಾಡಿನ ನಡುವೆ ನಿಲ್ಲಿಸಿ, ಇಲ್ಲಿ ಹೇಗೆ, ಯಾಕೆ ಎಂದು ಕೇಳಿ, ಅವರ ಉತ್ತರವನ್ನೂ ರೆಕಾರ್ಡ್ ಮಾಡಿ. ಸಾಧ್ಯವಾದರೆ ಫೋನನ್ನು ಅವರ ಎಡಗೈ ಕಾಣುವ ಹಾಗೆ ಇಡಿ. ಹಳೇ ಪ್ರಾಕ್ಟೀಸಿನ ಕ್ಯಾಸೆಟ್ ಅಟ್ಟದ ಮೇಲೆ ಇದ್ದರೆ ಎಸೆಯಬೇಡಿ. ಬರೆಯಲು ಬಾರದಿದ್ದರೆ ಚಿಂತೆಯಿಲ್ಲ, ನನಗೆ ಕಳಿಸಿ, ನಾನು ಬರೆದುಕೊಡುತ್ತೇನೆ. ಮ್ಯೂಸ್‌ಸ್ಕೋರ್ ಕಲಿಯಬೇಕು ಎನ್ನುವವರಿಗೆ ಕೂತು ಹೇಳಿಕೊಡುತ್ತೇನೆ. ಭಾನುವಾರ ಬೆಳಿಗ್ಗೆ ನನಗೆ ಬಿಡುವು. ಸಂಜೆ ಆಗುವುದಿಲ್ಲ, ಮೇಷ್ಟ್ರ ಮನೆಗೆ ಹೋಗಿರುತ್ತೇನೆ.